ಬಯಲ ಒಲೆಗೆ ಹಿತ್ತಲ ಮಸಾಲೆ

ಅಡಿಕೆ ಕೊಯ್ಲು ಮುಗಿದು ಚಳಿ ಇಳಿಯುವ ಹೊತ್ತಿಗೆ ಮಲೆನಾಡಿನಲ್ಲಿ ಇನ್ನೊಂದು ಸುಗ್ಗಿ ಆರಂಭವಾಗುತ್ತದೆ. ಶನಿವಾರ ಘಟ್ಟ ಏರುವ ವಾಹನಗಳ ಹಿಂಬದಿಯಲ್ಲಿ ಕಬ್ಬಿಣದ ಜಾಲರಿ, ಇದ್ದಿಲಿನ ಚೀಲ, ಮಸಾಲೆ ಸವರಿದ ಕೋಳಿಯ ಡಬ್ಬಿ, ಪ್ಲಾಸ್ಟಿಕ್ ತಟ್ಟೆಗಳ ಕಟ್ಟು ಇರುತ್ತವೆ. ಸಂಜೆಯಾಗುತ್ತಲೇ ಹೊಳೆಯ ದಂಡೆಯಲ್ಲಿ, ಗುಡ್ಡದ ನೆತ್ತಿಯಲ್ಲಿ, ಹೋಂಸ್ಟೇಗಳ ಅಂಗಳದಲ್ಲಿ ಹೊಗೆ ಏಳುತ್ತದೆ. ಬಯಲಿನಲ್ಲಿ ಬೇಯಿಸಿ ಉಣ್ಣುವ ಈ ಹವ್ಯಾಸ ನಗರದವರದಷ್ಟೇ ಅಲ್ಲ. ಪಕ್ಕದ ಊರಿನ ಕಾಲೇಜು ವಿದ್ಯಾರ್ಥಿಗಳೂ ರಜೆ ಬಂತೆಂದರೆ ಪಾತ್ರೆ ಹೊತ್ತು ಗುಡ್ಡದ ಕಡೆಗೆ ಹೊರಡುತ್ತಾರೆ. ಇದನ್ನು ಕಂಡು ಮೂಗು ಮುರಿಯುವುದು ಸುಲಭ. ಅದರಿಂದ ಕಾಡಿಗಾಗಲಿ ಊರಿಗಾಗಲಿ ಯಾವ ಪ್ರಯೋಜನವೂ ಇಲ್ಲ.

ಏಕೆಂದರೆ ಬಯಲಿನ ಅಡುಗೆ ಮಲೆನಾಡಿಗೆ ಹೊಸದಲ್ಲ. ಕಾರ್ತಿಕದಲ್ಲಿ ನೆಲ್ಲಿಮರದ ಬುಡದಲ್ಲಿ ನಡೆಯುವ ವನಭೋಜನ, ಆಲೆಮನೆಯ ಕೊಪ್ಪರಿಗೆ, ಅಂಗಳದ ಬದಿಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಒಲೆ, ಅದೇ ಒಲೆಯ ಬೂದಿಯಲ್ಲಿ ಮಕ್ಕಳು ಹುಗಿದಿಟ್ಟ ಗೆಣಸು, ಇವೆಲ್ಲ ಬಯಲಿನ ಅಡುಗೆಯೇ. ವ್ಯತ್ಯಾಸವಿರುವುದು ಬೇರೆ ಕಡೆ. ಆ ಒಲೆಗಳಿಗೆ ಸೌದೆ ತೋಟದಿಂದ ಬರುತ್ತಿತ್ತು, ಹುಳಿ ಉಪ್ಪು ಖಾರ ಮನೆಯ ನಾಗಂದಿಗೆಯಿಂದ ಇಳಿಯುತ್ತಿತ್ತು, ಪಾತ್ರೆ ಹೊತ್ತವರೇ ತೊಳೆದು ಮರಳಿ ತರುತ್ತಿದ್ದರು. ಈಗಿನ ಒಲೆ ಮೂರನ್ನೂ ಕಾಡಿನಿಂದಲೇ ನಿರೀಕ್ಷಿಸುತ್ತದೆ. ಸೌದೆ ಅಲ್ಲೇ ಬಿದ್ದಿರುತ್ತದೆ ಎಂಬ ನಂಬಿಕೆ. ಮಸಾಲೆಯೂ ‘ಕಾಡಿನದೇ’ ಆಗಿರಬೇಕೆಂಬ ಹೊಸ ಆಸೆ. ಉಳಿದದ್ದನ್ನು ಅಲ್ಲೇ ಬಿಟ್ಟು ಬಂದರೆ ಮಣ್ಣಾಗುತ್ತದೆ ಎಂಬ ಸಮಾಧಾನ. ಮೂರೂ ತಪ್ಪು ಲೆಕ್ಕ. ಬೆಟ್ಟದ ಮೇಲೆ ಒಳ್ಳೆಯ ಅಡುಗೆ ಮಾಡುವವನು ಬೇಕಾದದ್ದೆಲ್ಲವನ್ನೂ ಹಿತ್ತಲಿನಿಂದ ಹೊತ್ತು ತರುವವನು. ರುಚಿಯ ದೃಷ್ಟಿಯಿಂದಲೂ ಅದೇ ಸರಿಯಾದ ಕ್ರಮ.

ಮೊದಲು ಹುಳಿಯ ವಿಚಾರ. ಕೆಂಡದ ಮೇಲೆ ಸುಡುವ ಯಾವ ಪದಾರ್ಥಕ್ಕೂ ಹುಳಿ ಅಗತ್ಯ. ಅದು ಮಾಂಸವನ್ನು ಮೆದುಗೊಳಿಸುತ್ತದೆ, ಹೊಗೆಯ ಕಟುವನ್ನು ತಗ್ಗಿಸುತ್ತದೆ. ಕೊಡಗಿನ ಹಂದಿಮಾಂಸದ ಅಡುಗೆಗೆ ಕಾಚಂಪುಳಿ ಇಲ್ಲದೆ ಹೆಸರೇ ಇಲ್ಲ. ಮಲೆನಾಡಿನ ಹುಳಿಗಳಲ್ಲಿ ಮುಖ್ಯವಾದವು ಎರಡು: ಮುರುಗಲು ಮತ್ತು ಉಪ್ಪಾಗೆ. ಎರಡೂ ಗಾರ್ಸೀನಿಯಾ ಎಂಬ ಒಂದೇ ಕುಲದ ಮರಗಳು, ಅಣ್ಣತಮ್ಮಂದಿರಂತೆ. ಆದರೆ ಕಾಡಿನ ಮೇಲೆ ಅವು ಹೇರುವ ಹೊರೆಯಲ್ಲಿ ಅಜಗಜಾಂತರವಿದೆ. ಮುರುಗಲು ಬೇಸಿಗೆಯ ಹಣ್ಣು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅದರ ಸಿಪ್ಪೆ ಅಂಗಳದ ಚಾಪೆಯ ಮೇಲೆಯೇ ಒಣಗುತ್ತದೆ. ಒಂದು ಕಡ್ಡಿ ಸೌದೆಯೂ ಬೇಕಾಗಿಲ್ಲ. ಉಪ್ಪಾಗೆ ಹಣ್ಣಾಗುವುದು ಜಡಿಮಳೆಯಲ್ಲಿ. ಅದನ್ನು ಒಣಗಿಸಲು ಅಟ್ಟ ಕಟ್ಟಿ ಕೆಳಗೆ ಹಗಲಿರುಳು ಬೆಂಕಿ ಹಾಕಬೇಕು. ಒಂದು ಮರದ ಹಣ್ಣನ್ನು ಒಣಗಿಸಲು ಇನ್ನೊಂದು ಮರ ಒಲೆಗೆ ಹೋಗುವ ವಿಚಿತ್ರ ವ್ಯವಹಾರವಿದು.

1990ರ ದಶಕದಲ್ಲಿ ಈ ವ್ಯವಹಾರ ವಿಪರೀತಕ್ಕೆ ಹೋದದ್ದು ಹಿರಿಯರಿಗೆಲ್ಲ ನೆನಪಿದೆ. ಉಪ್ಪಾಗೆ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಎಂಬ ಪ್ರಚಾರ ವಿದೇಶಗಳಲ್ಲಿ ಹಬ್ಬಿತು. ಬೆಲೆ ಏರಿತು. ತನಗೆ ಮೊದಲು ಸಿಗಲೆಂದು ಎಳೆಗಾಯಿ ಕೊಯ್ಯುವವರು, ಹತ್ತುವ ಶ್ರಮ ತಪ್ಪಲೆಂದು ಕೊಂಬೆಯನ್ನೇ ಕಡಿಯುವವರು ಹುಟ್ಟಿಕೊಂಡರು. ಎಳೆಗಾಯಿಯ ಬೀಜ ಮೊಳೆಯುವುದಿಲ್ಲ. ಮುಂದಿನ ತಲೆಮಾರಿನ ಮರ ಅಲ್ಲಿಗೇ ನಿಂತಿತು. ಇತ್ತ 1998ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬಂತು. 135 ಮಂದಿ ಸ್ಥೂಲಕಾಯರ ಮೇಲೆ 12 ವಾರ ನಡೆದ ಆ ಪ್ರಯೋಗದಲ್ಲಿ ಉಪ್ಪಾಗೆಯ ಸಾರ ತಿಂದವರಿಗೂ ತಿನ್ನದವರಿಗೂ ತೂಕ ಇಳಿಯುವುದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಯಾರ ಬೊಜ್ಜೂ ಕರಗದಿದ್ದರೂ ಘಟ್ಟದ ಮರಗಳು ಕರಗಿದವು. ಈಗ ‘ಕಾಡಿನ ಮಸಾಲೆ’ ಎಂಬ ಚೀಟಿ ಅಂಟಿಸಿ ಪೊಟ್ಟಣ ಮಾರುವವರನ್ನು ಕಂಡಾಗ ಆ ದಿನಗಳನ್ನು ನೆನೆಯದಿರುವುದು ಕಷ್ಟ.

ಆದ್ದರಿಂದ ಬಯಲಿನ ಅಡುಗೆಗೆ ಹೊರಡುವವರ ಬುತ್ತಿಯಲ್ಲಿ ಮುರುಗಲು ಸಿಪ್ಪೆ ಇರಲಿ, ಅಥವಾ ಬೇಸಿಗೆಯಲ್ಲಿ ಹೆಚ್ಚಿ ಒಣಗಿಸಿದ ವಾಟೆಹುಳಿ ಇರಲಿ. ನಾಲ್ಕೈದು ಸಿಪ್ಪೆಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿದರೆ ಒಂದು ಬಟ್ಟಲು ಕೆಂಪು ಹುಳಿನೀರು ಸಿದ್ಧ. ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಕಾಳುಮೆಣಸು ಸೇರಿಸಿ ಕೋಳಿಗೋ ಮೀನಿಗೋ ಸುವರ್ಣಗೆಡ್ಡೆಯ ಹೋಳಿಗೋ ಸವರಿಟ್ಟರೆ ಬೇರೆ ಮಸಾಲೆ ಬೇಕಾಗದು. ಸುವರ್ಣಗೆಡ್ಡೆಗೆ ಈ ಹುಳಿ ಇನ್ನೊಂದು ಉಪಕಾರ ಮಾಡುತ್ತದೆ: ಗಂಟಲು ತುರಿಸುವ ಗುಣ ತಗ್ಗುತ್ತದೆ. ಉಪ್ಪಾಗೆಯೇ ಬೇಕೆನ್ನುವವರು ಮಾಗಿ ಉದುರಿದ ಹಣ್ಣು ಹೆಕ್ಕುವ ಮನೆಯಿಂದ, ಅಡುಗೆ ಒಲೆಯ ಹೊಗೆಯಲ್ಲೇ ಒಣಗಿದ ಸಿಪ್ಪೆಯನ್ನು ಕೊಳ್ಳಲಿ. ಅಂಥ ಮನೆ ಪ್ರತಿ ಊರಿನಲ್ಲೂ ಒಂದೆರಡಾದರೂ ಇರುತ್ತದೆ. ಆ ಮನೆಯವರು ಬೀಜ ಎಸೆಯುವುದಿಲ್ಲ, ಉಪ್ಪಾಗೆ ತುಪ್ಪ ತೆಗೆಯುತ್ತಾರೆ.

ಹುಳಿಯ ಬಗ್ಗೆ ಇನ್ನೊಂದು ಸಣ್ಣ ಮಾತು, ಸೌದೆಗೆ ಸಂಬಂಧಿಸಿದ್ದು. ಬೇಳೆ ಬೇಯುವ ಮೊದಲೇ ಹುಳಿ ಹಾಕಿದರೆ ಬೇಳೆ ಬೇಗ ಮೆತ್ತಗಾಗದು. ಆಮ್ಲ ಅದರ ಗಟ್ಟಿತನವನ್ನು ಹಿಡಿದಿಡುತ್ತದೆ. ಮನೆಯ ಅಜ್ಜಿಯಂದಿರಿಗೆ ಇದು ಗೊತ್ತು. ಹೊಳೆಯ ದಂಡೆಯಲ್ಲಿ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಒಂದು ಗಂಟೆ ಬೆಂಕಿ ಊದುವ ಹುಡುಗರಿಗೆ ಗೊತ್ತಿಲ್ಲ.

ಇನ್ನು ತೊಗಟೆ ಮತ್ತು ಪತ್ರೆ. ಕಾಡು ದಾಲ್ಚಿನ್ನಿಯ ಕಥೆ ಉಪ್ಪಾಗೆಗಿಂತ ಹೆಚ್ಚು ದುಃಖಕರ. ತೊಗಟೆಯನ್ನು ಕಾಂಡದ ಸುತ್ತ ಸುಲಿದರೆ ಎಲೆಯಿಂದ ಬೇರಿಗೆ ಆಹಾರ ಇಳಿಯುವ ದಾರಿಯೇ ಮುಚ್ಚುತ್ತದೆ. ಮರ ನಿಂತಲ್ಲೇ ಒಣಗುತ್ತದೆ. ದಾಲ್ಚಿನ್ನಿಯನ್ನು ಬೆಳೆಯಾಗಿ ಬೆಳೆಯುವವರು ಹೀಗೆ ಮಾಡುವುದಿಲ್ಲ. ಅವರು ಎರಡು ವರ್ಷದ ಎಳೆಯ ಕೊಂಬೆಗಳನ್ನು ಬುಡದಲ್ಲಿ ಕತ್ತರಿಸಿ ಸುಲಿಯುತ್ತಾರೆ, ಬುಡ ಮತ್ತೆ ಚಿಗುರುತ್ತದೆ. ಕಾಡಿನಲ್ಲಿ ರಾತ್ರೋರಾತ್ರಿ ಸುಲಿಯುವವನಿಗೆ ಎರಡು ವರ್ಷ ಕಾಯುವ ವ್ಯವಧಾನವೆಲ್ಲಿ? ಮೊಗ್ಗಿಗಾಗಿ ಕೊಂಬೆ ಮುರಿಯುವುದೂ ಇದೇ ಜಾತಿಯ ಅವಸರ. ಬಯಲಿನ ಅಡುಗೆಗೆ ತೊಗಟೆಯ ಅಗತ್ಯವೇ ಇಲ್ಲವೆಂಬುದು ಅಡುಗೆ ಬಲ್ಲವರ ಅಭಿಪ್ರಾಯ. ಹಿತ್ತಲಿನಲ್ಲಿ ನೆಟ್ಟ ಒಂದು ದಾಲ್ಚಿನ್ನಿ ಗಿಡದ ನಾಲ್ಕು ಎಲೆ ಅನ್ನದ ಪಾತ್ರೆಗೂ ಪಲಾವಿಗೂ ಸಾಕಷ್ಟು ಪರಿಮಳ ಕೊಡುತ್ತದೆ. ಎಲೆ ಕಿತ್ತರೆ ಗಿಡ ಸಾಯುವುದಿಲ್ಲ.

ರಾಂಪತ್ರೆಯ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಬೇಕು. ಕಾಡು ಜಾಯಿಕಾಯಿಯ ಈ ಮರ ಅಳಿವಿನ ಅಂಚಿನತ್ತ ಸರಿಯುತ್ತಿರುವ ಪ್ರಭೇದವೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಗುರುತಿಸಲ್ಪಟ್ಟಿದೆ. ಇದರ ಹತ್ತಿರದ ಬಂಧುಗಳು ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಂಥ ಕಡೆ, ವರ್ಷವಿಡೀ ನೀರು ಜಿನುಗುವ ರಾಂಪತ್ರೆ ಜಡ್ಡಿಗಳಲ್ಲಿ ಮಾತ್ರ ಉಳಿದುಕೊಂಡಿವೆ. ಬೀಜವನ್ನು ಸುತ್ತಿದ ಕೆಂಪು ಪತ್ರೆ ಮನುಷ್ಯನ ಮಸಾಲೆಗಾಗಿ ಹುಟ್ಟಿದ್ದಲ್ಲ. ಅದು ಮಂಗಟ್ಟೆ ಹಕ್ಕಿಗೆ ಮರ ಕೊಡುವ ಕೂಲಿ. ಹಕ್ಕಿ ಪತ್ರೆಯನ್ನು ಅರಗಿಸಿಕೊಂಡು ಬೀಜವನ್ನು ದೂರ ಒಯ್ದು ಉಗುಳುತ್ತದೆ. ಅಲ್ಲಿ ಸಸಿ ಏಳುತ್ತದೆ. ಹಣ್ಣು ಬಿರಿಯುವ ಮೊದಲೇ ಕೊಯ್ದರೆ ಹಕ್ಕಿಗೆ ಕೂಲಿಯಿಲ್ಲ, ಮರಕ್ಕೆ ಸಂತಾನವಿಲ್ಲ. ತೋಟದ ಜಾಯಿಕಾಯಿ, ಜಾಪತ್ರೆ ಪೇಟೆಯಲ್ಲೂ ಊರಿನ ಮನೆಗಳಲ್ಲೂ ದೊರೆಯುತ್ತದೆ, ಪರಿಮಳದಲ್ಲಿ ರಾಂಪತ್ರೆಗಿಂತ ಮೇಲು. ಹಾಗಿರುವಾಗ ಒಂದು ಸಂಜೆಯ ಬಿರಿಯಾನಿಗೆ ಕಾಡಿನ ರಾಂಪತ್ರೆ ಹುಡುಕುವುದು ಶುದ್ಧ ಪ್ರತಿಷ್ಠೆಯ ವಿಷಯ, ಅಡುಗೆಯ ವಿಷಯವಲ್ಲ.

ಹೊಳೆದಂಡೆಯ ಅಪ್ಪೆಮಿಡಿ ಮರಗಳೂ ಇದೇ ಕತ್ತಿಯ ಕೆಳಗಿವೆ. ಅಘನಾಶಿನಿ, ಶರಾವತಿ ಕಣಿವೆಗಳಲ್ಲಿ ಮಿಡಿಗಾಗಿ ಗೆಲ್ಲು ಕಡಿದು ಬೋಳಾದ ಮರಗಳು ಎಷ್ಟೋ. ಆದರೆ ಇಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ: ಒಳ್ಳೆಯ ತಳಿಗಳ ಕಸಿ ಗಿಡಗಳು ಶಿರಸಿ, ಸಾಗರ ಭಾಗದ ನರ್ಸರಿಗಳಲ್ಲಿ ಸಿಗುತ್ತವೆ, ತೋಟದಂಚಿನಲ್ಲಿ ಬೆಳೆಯುತ್ತಿವೆ. ಉಪ್ಪುನೀರಿನಲ್ಲಿ ಇಳಿಸಿದ ಮಿಡಿ ಬಯಲಿನ ಊಟಕ್ಕೆ ಹೇಳಿ ಮಾಡಿಸಿದ್ದು. ಕೆಡುವುದಿಲ್ಲ, ಬೇಯಿಸಬೇಕಾಗಿಲ್ಲ. ಮಿಡಿಯನ್ನು ಕಿವುಚಿ ನೀರು, ಉಪ್ಪು, ಚೂರು ಬೆಲ್ಲ ಬೆರೆಸಿ, ಇಂಗು ಸಾಸಿವೆಯ ಒಗ್ಗರಣೆ ಕೊಟ್ಟರೆ ಅಪ್ಪೆಹುಳಿ. ಒಗ್ಗರಣೆಗೆ ಬೇಕಾದ ಬೆಂಕಿ ಎಷ್ಟು? ಒಂದು ಹಿಡಿ ಕರಟದ ಚೂರು ಸಾಕು. ಒಂದೆಲಗದ ತಂಬುಳಿಗೂ ಅಷ್ಟೆ. ಬೆಂಕಿಯಿಲ್ಲದ ಅಥವಾ ಬೆಂಕಿ ಕಡಿಮೆ ಬೇಡುವ ಇಷ್ಟೊಂದು ಪದಾರ್ಥಗಳಿರುವ ನಾಡಿನಲ್ಲಿ ಬಯಲಿನ ಊಟವೆಂದರೆ ಸುಟ್ಟ ಮಾಂಸವೊಂದೇ ಎಂಬ ಭಾವನೆ ಹೇಗೆ ಬಂತೋ ತಿಳಿಯದು.

ಖಾರದ ವಿಷಯದಲ್ಲಿ ಯಾರೂ ಕಾಡಿಗೆ ಹೋಗಬೇಕಾಗಿಲ್ಲ. ಕಾಳುಮೆಣಸಿನ ಮೂಲ ಪಶ್ಚಿಮಘಟ್ಟವೇ ಆದರೂ ಅದು ಶತಮಾನಗಳಿಂದ ತೋಟದ ಬಳ್ಳಿ. ಹಿತ್ತಲಿನ ಜೀರಿಗೆ ಮೆಣಸು, ‘ನಮ್ಮದೇ’ ಎಂದು ಎಲ್ಲರೂ ಹೆಮ್ಮೆಪಡುವ ಆ ಪುಟ್ಟ ಬೆಂಕಿಚೂರು, ದಕ್ಷಿಣ ಅಮೆರಿಕ ಮೂಲದ್ದು. ಪೋರ್ಚುಗೀಸರ ಹಡಗಿನೊಂದಿಗೆ ಬಂದ ಮೆಣಸಿನ ವಂಶದ್ದು. ಹಕ್ಕಿಗಳಿಗೆ ಖಾರ ತಾಗದ ಕಾರಣ ಅವೇ ಬೀಜ ಬಿತ್ತುತ್ತವೆ. ಎರಡರ ಬಳಕೆಯಲ್ಲೂ ಒಂದು ತಿಳಿವಳಿಕೆ ಬೇಕು. ಕಾಳುಮೆಣಸಿನ ಖಾರ ಪಿಪೆರಿನ್ ಎಂಬ ವಸ್ತುವಿನದು, ಅದು ಶಾಖಕ್ಕೆ ಸುಲಭವಾಗಿ ಹಾರಿಹೋಗದು. ಪರಿಮಳ ಮಾತ್ರ ಆವಿಯಾಗುವ ಎಣ್ಣೆಗಳದು. ಕುಟ್ಟಿದ ಪುಡಿಯನ್ನು ಮೊದಲೇ ಬೆಂಕಿಗೊಡ್ಡಿದರೆ ಖಾರ ಉಳಿದು ಪರಿಮಳ ಹೊಗೆಯೊಂದಿಗೆ ಹೋಗುತ್ತದೆ. ಅರ್ಧ ಮೆಣಸನ್ನು ಸವರುವ ಮಸಾಲೆಗೆ, ಇನ್ನರ್ಧವನ್ನು ಇಳಿಸಿದ ಮೇಲೆ ಹೊಸದಾಗಿ ಕುಟ್ಟಿ ಉದುರಿಸುವುದು ಸರಿಯಾದ ಪದ್ಧತಿ. ಸಣ್ಣ ಕುಟ್ಟಾಣಿಯೊಂದು ಬುತ್ತಿಯ ಚೀಲದಲ್ಲಿದ್ದರೆ ಹತ್ತು ಬಗೆಯ ಮಸಾಲೆ ಪೊಟ್ಟಣಗಳು, ಅವುಗಳ ಪ್ಲಾಸ್ಟಿಕ್ ಸಹಿತ, ಪೇಟೆಯಲ್ಲೇ ಉಳಿಯುತ್ತವೆ. ಒಣಪುಡಿ ಕೆಂಡದ ಮೇಲೆ ಬೇಗ ಸೀಯುತ್ತದೆ. ತೆಂಗಿನಕಾಯಿಯೊಂದಿಗೆ ಅರೆದ ಹಸಿ ಮಸಾಲೆಯನ್ನು ಬಾಳೆಲೆ ಅಥವಾ ಅರಿಶಿನದ ಎಲೆಯಲ್ಲಿ ಸುತ್ತಿ ಬೂದಿ ಮುಚ್ಚಿದ ಕೆಂಡದಲ್ಲಿಟ್ಟರೆ ಸೀಯದು. ಎಲೆಯೇ ಪಾತ್ರೆ, ಎಲೆಯೇ ತಟ್ಟೆ.

ಮಸಾಲೆಗಿಂತ ದೊಡ್ಡ ಪ್ರಶ್ನೆ ಸೌದೆಯದು. ಒಂದು ಕಿಲೋ ಒಣ ಸೌದೆಯಲ್ಲಿ ಸುಮಾರು 3,500ರಿಂದ 4,000 ಕಿಲೋಕ್ಯಾಲರಿ ಶಾಖವಿದೆ. ಮೂರು ಕಲ್ಲಿನ ಬಯಲ ಒಲೆಯಲ್ಲಿ ಗಾಳಿ ಬೀಸಿದರೆ ಅದರಲ್ಲಿ ಪಾತ್ರೆಗೆ ಸೇರುವುದು ಹತ್ತರಲ್ಲಿ ಒಂದು ಪಾಲಿನಷ್ಟೇ. ಉಳಿದ ಒಂಬತ್ತು ಪಾಲು ಬೆಟ್ಟವನ್ನು ಬಿಸಿಮಾಡಲು ಹೋಗುತ್ತದೆ. ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುವುದರಿಂದ ಅದರ ಲೆಕ್ಕ ಇನ್ನೂ ಶೋಚನೀಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ರೂಪಿಸಿದ ಒಲೆ ಒಂದು ಕಾಲದಲ್ಲಿ ಹಳ್ಳಿ ಹಳ್ಳಿಗೂ ತಲಪಿತ್ತು. ಅದರ ಹಿಂದಿನ ತತ್ತ್ವ ಸರಳ: ಬೆಂಕಿಯನ್ನು ಮುಚ್ಚಿದ ಗೂಡಿನಲ್ಲಿ ಇಡು, ಕೆಳಗಿನಿಂದ ಜಾಲರಿಯ ಮೂಲಕ ಗಾಳಿ ಕೊಡು, ಬಿಸಿಗಾಳಿ ಪಾತ್ರೆಯ ಬದಿಯನ್ನು ಸವರಿಕೊಂಡೇ ಹೊರಹೋಗುವಂತೆ ಮಾಡು. ಬಯಲಿನಲ್ಲೂ ಇದೇ ತತ್ತ್ವ ನಡೆಯುತ್ತದೆ. ಚಿರೆಕಲ್ಲಿನ ನಾಲ್ಕು ತುಂಡು, ಸಂದಿಗೆ ಮಣ್ಣು, ಅಡಿಗೆ ಒಂದು ಕಬ್ಬಿಣದ ಜಾಲರಿ ಇದ್ದರೆ ಆಯಿತು. ಹೊಳೆಯಿಂದ ಎತ್ತಿದ ಗುಂಡುಕಲ್ಲು ಮಾತ್ರ ಬೇಡ. ಒಳಗೆ ಹೀರಿದ ನೀರು ಕಾದು ಆವಿಯಾಗಿ ಕಲ್ಲು ಸಿಡಿಯುವುದುಂಟು, ಕಣ್ಣಿಗೆ ಅಪಾಯ.

ಮುಚ್ಚಳದ ಮಹತ್ವವನ್ನು ಹೇಳಲು ಒಂದು ಸಣ್ಣ ಲೆಕ್ಕ ಸಾಕು. ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸುಮಾರು 75 ಕಿಲೋಕ್ಯಾಲರಿ ಬೇಕು. ಅದೇ ನೀರು ಪೂರ್ತಿ ಆವಿಯಾಗಿ ಹೋಗಬೇಕಾದರೆ 540 ಕಿಲೋಕ್ಯಾಲರಿ, ಅಂದರೆ ಏಳು ಪಟ್ಟಿಗಿಂತ ಹೆಚ್ಚು. ಮುಚ್ಚಳವಿಲ್ಲದ ಪಾತ್ರೆಯಲ್ಲಿ ಕೊತಕೊತ ಕುದಿಸುವವನು ಅಡುಗೆ ಮಾಡುತ್ತಿಲ್ಲ, ಮೋಡ ಮಾಡುತ್ತಿದ್ದಾನೆ. ಕುದಿಯುವ ನೀರಿನ ಶಾಖ ಮೆಲುಗುದಿಯಲ್ಲೂ ಜೋರುಗುದಿಯಲ್ಲೂ ಒಂದೇ. ಎತ್ತರ ಏರಿದಂತೆ ಆ ಶಾಖವೂ ಇಳಿಯುತ್ತದೆ. ಮಡಿಕೇರಿಯ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 96 ಡಿಗ್ರಿಗೆ, 1,930 ಮೀಟರಿನ ಮುಳ್ಳಯ್ಯನಗಿರಿಯಷ್ಟು ಎತ್ತರದಲ್ಲಿ 94ರ ಆಸುಪಾಸು. ಬೇಳೆಕಾಳು ಅಲ್ಲಿ ಹಟ ಹಿಡಿಯುವುದಕ್ಕೆ ಇದೇ ಕಾರಣ. ಎರಡು ಲೀಟರಿನ ಪುಟ್ಟ ಕುಕ್ಕರು ಈ ತೊಡಕನ್ನು ಕಳೆಯುತ್ತದೆ. ಒಳಗಿನ ಒತ್ತಡದಿಂದ ಆ ಎತ್ತರದಲ್ಲೂ ಶಾಖ 115 ಡಿಗ್ರಿ ದಾಟುತ್ತದೆ. ಹುರುಳಿ, ಅಲಸಂದೆಗಳನ್ನು ಹಿಂದಿನ ರಾತ್ರಿಯೇ ನೆನೆಹಾಕಿ ಒಯ್ದರೆ ಇನ್ನೂ ಒಳ್ಳೆಯದು. ಅನ್ನಕ್ಕಂತೂ ಪೂರ್ತಿ ಬೆಂಕಿ ಬೇಕಾಗಿಲ್ಲ. ಕುದಿ ಬಂದ ಏಳೆಂಟು ನಿಮಿಷಕ್ಕೆ ಇಳಿಸಿ, ಮುಚ್ಚಳ ಬಿಗಿದು, ಕಂಬಳಿಯಲ್ಲಿ ಸುತ್ತಿ ಒಣಹುಲ್ಲಿನ ಬುಟ್ಟಿಯಲ್ಲಿ ಹುದುಗಿಸಿಟ್ಟರೆ ಮುಕ್ಕಾಲು ಗಂಟೆಯಲ್ಲಿ ತಾನೇ ಬೆಂದಿರುತ್ತದೆ. ಕಂಬಳಿ ರಾತ್ರಿಯ ಚಳಿಗೂ ಆಯಿತು.

ಪಾತ್ರೆಯ ಲೋಹದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮುರುಗಲು, ಅಪ್ಪೆ, ಕಾಚಂಪುಳಿಯಂಥ ಹುಳಿಗಳನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಾಗಲಿ ಕಲಾಯಿ ಹೋದ ತಾಮ್ರ, ಹಿತ್ತಾಳೆಯಲ್ಲಾಗಲಿ ಕಾಯಿಸಬಾರದು, ಲೋಹ ಕರಗಿ ಊಟಕ್ಕೆ ಸೇರುತ್ತದೆ. ಸ್ಟೀಲು ಸರಿ, ಮಣ್ಣಿನ ಮಡಕೆ ಇನ್ನೂ ಸರಿ. ಅಟ್ಟದ ಮೇಲೆ ಧೂಳು ಹಿಡಿದ ಬಳಪದ ಕಲ್ಲಿನ ಮರಿಗೆ ಇರುವ ಮನೆಯವರು ಅದನ್ನು ಹಳೆ ಸಾಮಾನಿನವನಿಗೆ ಕೊಡದಿರಲಿ. ಹುಳಿಗೆ ಅದು ಹೆದರುವುದಿಲ್ಲ, ಬೆಂಕಿ ಆರಿದ ಮೇಲೂ ಬಹಳ ಹೊತ್ತು ಬಿಸಿ ಹಿಡಿದಿಡುತ್ತದೆ. ಹೊತ್ತೊಯ್ಯಲು ಭಾರವೆಂಬುದೊಂದೇ ದೋಷ, ಅಂಗಳದ ಅಡುಗೆಗೆ ಅದೂ ದೋಷವಲ್ಲ.

ಸೌದೆ ಎಲ್ಲಿಂದ ಎಂಬ ಪ್ರಶ್ನೆಗೆ ಬಹಳ ಮಂದಿ ‘ಬಿದ್ದ ಒಣಕಟ್ಟಿಗೆಯಿಂದ ಯಾರಿಗೇನು ನಷ್ಟ’ ಎನ್ನುತ್ತಾರೆ. ಬಿದ್ದ ಮರ ಕಾಡಿನ ಲೆಕ್ಕದಲ್ಲಿ ಸತ್ತದ್ದಲ್ಲ. ಅಣಬೆ, ದುಂಬಿ, ಗೆದ್ದಲು, ಅವನ್ನು ತಿನ್ನುವ ಹಲ್ಲಿ ಹಕ್ಕಿಗಳೆಲ್ಲ ಅದರ ಒಕ್ಕಲು. ಮಲೆನಾಡಿನವರಿಗೆ ಇದಕ್ಕಿಂತ ಹತ್ತಿರದ ಕಾರಣವೂ ಒಂದಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಅದರ ಕಾಲ ಡಿಸೆಂಬರಿನಿಂದ ಮೇ ತನಕ. ಪ್ರವಾಸಿಗಳ ಬಯಲೂಟದ ಕಾಲವೂ ಅದೇ. ಉಣುಗು ಕಾದಿರುವುದು ಒಣ ದರಕಿನಲ್ಲಿ, ಕುರುಚಲಿನಲ್ಲಿ, ಸೌದೆ ಹೆಕ್ಕಲು ಮನುಷ್ಯ ಬಗ್ಗುವ ಜಾಗದಲ್ಲಿ. ಸೌದೆಗೂ ದರಕಿಗೂ ಕಾಡಿಗೆ ಹೋಗುವ ಬಡ ಕುಟುಂಬಗಳು ಈ ಕಾಯಿಲೆಗೆ ಬಹಳ ಬೆಲೆ ತೆತ್ತಿವೆ. ಅವರಿಗೆ ಅದು ಬದುಕಿನ ಅನಿವಾರ್ಯ. ಒಂದು ಸಂಜೆಯ ಮೋಜಿಗಾಗಿ ಅದೇ ಕುರುಚಲಿಗೆ ಕೈಹಾಕುವವನಿಗೆ ಯಾವ ಅನಿವಾರ್ಯ? ಗಿಡಮರಗಳ ಪರಿಚಯವಿಲ್ಲದವರು ಹೊಲಗೇರಿನ ಗೆಲ್ಲು ಮುರಿದು ಮೈಯೆಲ್ಲ ಬೊಕ್ಕೆ ಎದ್ದು ಆಸ್ಪತ್ರೆ ಸೇರಬಹುದು. ಕಣಗಿಲೆಯ ಕಡ್ಡಿಗೆ ಮಾಂಸ ಪೋಣಿಸಿದರೆ ಪರಿಣಾಮ ಇನ್ನೂ ಘೋರ. ಆ ಗಿಡದ ಪ್ರತಿ ಭಾಗವೂ ವಿಷ. ಗೇರುಬೀಜವನ್ನು ಸಿಪ್ಪೆ ಸಹಿತ ಕೆಂಡಕ್ಕೆ ಹಾಕಿದಾಗ ಸಿಡಿಯುವ ಎಣ್ಣೆ ಚರ್ಮವನ್ನು ಸುಡುತ್ತದೆ ಎಂಬುದನ್ನು ಹಳ್ಳಿಯ ಮಕ್ಕಳು ಒಮ್ಮೆ ಕಲಿತರೆ ಮರೆಯುವುದಿಲ್ಲ.

ತೋಟಗಳಲ್ಲಿ ಉರುವಲಿಗೆ ಬರವಿಲ್ಲ. ತೆಂಗಿನ ಕರಟ, ಮಟ್ಟೆ, ಅಡಿಕೆ ಸಿಪ್ಪೆ, ಒಣ ಸೋಗೆಯ ದಂಟು, ಕಾಫಿ ಗಿಡ ಸವರಿದಾಗ ಬಿದ್ದ ಕಡ್ಡಿ ಎಲ್ಲವೂ ಇವೆ. ಗುಡ್ಡವನ್ನೆಲ್ಲ ಆವರಿಸಿರುವ ಲಂಟಾನ ಕಡಿದು ಒಣಗಿಸಿದರೆ ಊರಿಗೂ ಉಪಕಾರ. ಕರಟದ ಇದ್ದಿಲು ಹೊಗೆ ಕಡಿಮೆ ಕೊಟ್ಟು ಬಹಳ ಹೊತ್ತು ಕೆಂಡವಾಗಿ ಉಳಿಯುತ್ತದೆ, ಸುಡುವ ಅಡುಗೆಗೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಆದರೆ ಚಳಿಯೆಂದು ಕೆಂಡದ ಬಾಣಲೆಯನ್ನು ಡೇರೆಯೊಳಗೋ ಮುಚ್ಚಿದ ಕೋಣೆಗೋ ಒಯ್ದು ಮಲಗುವುದು ಸಾವನ್ನು ಕರೆದಂತೆ. ಬಣ್ಣ, ವಾಸನೆ ಇಲ್ಲದ ಇಂಗಾಲದ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಕಾಡಿನ ಅಂಚಿನಲ್ಲಿ ತಂಗುವವರು ಪುಟ್ಟ ಗ್ಯಾಸ್ ಒಲೆ ಒಯ್ಯುವುದೇ ವಿವೇಕ. ಹಸಿರು ಮಾತಾಡುವ ಕೆಲವರಿಗೆ ಇದು ಅಪಥ್ಯವೆನಿಸಬಹುದು, ಕಾಡಿಗೆ ಹಾಗೆನಿಸದು.

ಫೆಬ್ರವರಿಯಿಂದ ಮೊದಲ ಮಳೆ ಬೀಳುವವರೆಗೆ ಹುಲ್ಲುಗಾವಲಿನ ಗುಡ್ಡದ ಮೇಲೆ ಯಾವ ಬಗೆಯ ಬಯಲ ಬೆಂಕಿಯೂ ಕೂಡದು. ಇದರಲ್ಲಿ ಚೌಕಾಸಿಗೆ ಎಡೆಯಿಲ್ಲ. 2018ರ ಮಾರ್ಚಿನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಗುಡ್ಡದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಜೀವ ತೆತ್ತರು. ಮರುವರ್ಷ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿಯಿತು. ಬೆಂಕಿ ಹೇಗೆ ಹುಟ್ಟಿತೆಂಬ ವಾದ ಏನೇ ಇರಲಿ, ಒಣಹುಲ್ಲು ಹೊತ್ತಿದ ಮೇಲೆ ಗಾಳಿಯ ಎದುರು ಮನುಷ್ಯನ ಓಟ ಸಾಲದು. 1972ರ ವನ್ಯಜೀವಿ ಕಾಯಿದೆಯೂ 1963ರ ಕರ್ನಾಟಕ ಅರಣ್ಯ ಕಾಯಿದೆಯೂ ಅಭಯಾರಣ್ಯ, ಮೀಸಲು ಅರಣ್ಯಗಳಲ್ಲಿ ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು ಅಪರಾಧವೆನ್ನುತ್ತವೆ. ಅಂಗಳದ ಒಲೆಗೂ ಶಿಸ್ತು ಬೇಕು: ಸುತ್ತ ಹತ್ತು ಅಡಿ ಗುಡಿಸಿದ ನೆಲ, ಪಕ್ಕದಲ್ಲಿ ತುಂಬಿದ ಕೊಡ, ಮರದ ಬುಡದಿಂದ ದೂರ. ಆರಿಸುವಾಗ ನೀರು ಹೊಯ್ದು, ಕೆದಕಿ, ಮತ್ತೆ ನೀರು ಹೊಯ್ದು, ಬೂದಿಯ ಮೇಲೆ ಅಂಗೈ ಹಿಂಬದಿ ಹಿಡಿದು ನೋಡಬೇಕು. ಮಣ್ಣು ಮುಚ್ಚಿದರೆ ಸಾಲದು. ಒಣ ಬೇರು ಹಿಡಿದ ಕಿಡಿ ನೆಲದಡಿಯಲ್ಲೇ ಸಾಗಿ ಬೇರೆಡೆ ಏಳಬಹುದು.

ಹಾಗಾದರೆ ಎಲ್ಲವನ್ನೂ ನಿಷೇಧಿಸಿಬಿಡುವುದು ಮೇಲಲ್ಲವೇ? ಚಳವಳಿಯ ಗೆಳೆಯರಲ್ಲಿ ಹಲವರ ವಾದ ಇದೇ. 2024ರ ಜನವರಿಯಲ್ಲಿ ಕುಮಾರಪರ್ವತದ ತಪ್ಪಲಿನಲ್ಲಿ ಚಾರಣಿಗರ ಜಾತ್ರೆ ನೆರೆದಾಗ ಸರ್ಕಾರ ಮುಂಗಡ ನೋಂದಣಿಯಿಲ್ಲದ ಚಾರಣಕ್ಕೆ ತಡೆ ಹಾಕಿತು. ಅದು ಸರಿಯಾದ ಕ್ರಮವೇ. ಆದರೆ ಕಾಡಿನೊಳಗಿನ ನಿಷೇಧ ಕಾಡಿನ ಹೊರಗಿನ ಅಂಗಳವನ್ನು ತಲಪುವುದಿಲ್ಲ, ಕಾಡಿನ ಮಸಾಲೆ ಮಾರಾಟವಾಗುವುದು ಆ ಅಂಗಳದಲ್ಲೇ. ಇನ್ನೊಂದು ಸತ್ಯವನ್ನೂ ಒಪ್ಪಬೇಕು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಡುಗೆ ಒಲೆಗಿಂತ ಬಚ್ಚಲ ಒಲೆ ಹೆಚ್ಚು ಸೌದೆ ತಿನ್ನುತ್ತದೆ. ವರ್ಷವಿಡೀ ಹಂಡೆ ಕಾಯಿಸುವ ಊರು ವಾರಕ್ಕೊಮ್ಮೆ ಬರುವವನ ಕೆಂಡವನ್ನು ಮಾತ್ರ ದೂರಿದರೆ ಕೇಳುವವರು ನಗುತ್ತಾರೆ.

ಕಾನೂನು ಊರಿಗೇ ಕೊಟ್ಟಿರುವ ಒಂದು ಉಪಕರಣ ಬಳಕೆಯಾಗದೆ ತುಕ್ಕು ಹಿಡಿಯುತ್ತಿದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ವ್ಯಾಪಾರಕ್ಕಾಗಿ ತನ್ನ ವ್ಯಾಪ್ತಿಯ ಜೈವಿಕ ಸಂಪನ್ಮೂಲ ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಅಧಿಕಾರ ಆ ಸಮಿತಿಗಿದೆ. ಕಿರು ಅರಣ್ಯ ಉತ್ಪನ್ನದ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯಿದೆ ಅರಣ್ಯವಾಸಿಗಳಿಗೆ ಕೊಟ್ಟಿದೆ, ಹೊರಗಿನ ಮಂಡಿಯವರಿಗಲ್ಲ. ಯಾವ ಹಣ್ಣನ್ನು ಯಾವ ದಿನಾಂಕದ ಮೊದಲು ಕೊಯ್ಯಬಾರದು, ಯಾವ ಮರದ ತೊಗಟೆಗೆ ಕತ್ತಿ ತಾಗಬಾರದು ಎಂದು ಇಂಥ ಸಮಿತಿಗಳು ಗ್ರಾಮಸಭೆಯಲ್ಲಿ ನಿರ್ಣಯ ಬರೆಯಬೇಕು. ಹೋಂಸ್ಟೇ ನಡೆಸುವವರು ಅಂಗಳದಲ್ಲಿ ಚಿರೆಕಲ್ಲಿನ ಒಂದೇ ಒಂದು ಒಲೆ ಕಟ್ಟಿ, ಬೇರೆಲ್ಲೂ ಬೆಂಕಿ ಹಾಕಿಸದಿರಲಿ. ಅದಕ್ಕೆ ಕರಟ, ಸಿಪ್ಪೆ, ಕಡ್ಡಿಗಳ ಕಟ್ಟನ್ನು ಊರಿನ ಸ್ವಸಹಾಯ ಸಂಘದ ಹೆಂಗಸರಿಂದ ತೂಕಕ್ಕೆ ಕೊಳ್ಳಲಿ. ಅವರ ಕೈಯಿಂದಲೇ ಮುರುಗಲು ಸಿಪ್ಪೆ, ಕಾಳುಮೆಣಸು, ದಾಲ್ಚಿನ್ನಿ ಎಲೆ, ಜೀರಿಗೆ ಮೆಣಸು, ಉಪ್ಪುಮಿಡಿಯ ಬಟ್ಟೆಚೀಲ ಸಿದ್ಧವಾಗಲಿ. ಬೆಲೆಯನ್ನು ಅವರೇ ನಿಗದಿಪಡಿಸಲಿ. ಕಾಲೇಜಿನ ಪರಿಸರ ಸಂಘಗಳಿಗೂ ಈ ಬೇಸಿಗೆಯಲ್ಲಿ ಒಂದು ಕೆಲಸವಿದೆ: ಒಂದು ಕಿಲೋ ಕರಟ, ಒಂದು ಕಿಲೋ ಸೌದೆ, ಐದು ಲೀಟರ್ ನ���ರು, ಒಂದು ತಾಪಮಾಪಕ ಇಟ್ಟುಕೊಂಡು ಮೂರು ಕಲ್ಲಿನ ಒಲೆಯನ್ನೂ ಚಿರೆಕಲ್ಲಿನ ಮುಚ್ಚಿದ ಒಲೆಯನ್ನೂ, ಮುಚ್ಚಳವಿಟ್ಟೂ ಮುಚ್ಚಳವಿಲ್ಲದೆಯೂ, ಪಂಚಾಯತಿ ಕಚೇರಿಯ ಅಂಗಳದಲ್ಲಿ ಎಲ್ಲರೆದುರು ಅಳೆದು ತೋರಿಸುವುದು. ಮೇ ತಿಂಗಳ ಮುರುಗಲು ಹಣ್ಣಿಗೆ ಮೊದಲು ಗ್ರಾಮಸಭೆ ಸೇರಿದರೆ ಈ ವರ್ಷದ ಕೊಯ್ಲಿಗೇ ನಿರ್ಣಯ ಅನ್ವಯಿಸಬಹುದು. ಉಪ್ಪಾಗೆಗೆ ಇನ್ನೂ ಒಂದೆರಡು ತಿಂಗಳ ಅವಕಾಶವಿರುತ್ತದೆ.